ಸರ್ಕಾರಿ ನೆರವಿನ ಗೃಹಸಾಲ: ಕೊಡಲೇಬೇಕಾದ ಹಣ ಯಾವುದು, ಬಿಡಬಹುದಾದುದು ಯಾವುದು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟುವ ಬದಲು ಕೊಳ್ಳುವವರಿಗೂ ಈ ಮಾತು ತಪ್ಪಿದ್ದಲ್ಲ. ಸಾಲಕ್ಕೆ ಸರ್ಕಾರದ ನೆರವಿದೆ ಎಂದು ತಿಳಿದೊಡನೆ ಕುಟುಂಬಗಳು ಮೊದಲು ವಿಚಾರಿಸುವುದು ಎಷ್ಟು ಹಣ ಬರುತ್ತದೆ ಎಂಬುದನ್ನು. ಎಷ್ಟು ಹಣ ಹೋಗುತ್ತದೆ ಎಂಬ ಪ್ರಶ್ನೆ ಏಳುವುದು ಬಹುತೇಕ ತಡವಾಗಿ, ಬ್ಯಾಂಕಿನ ಮೇಜಿನ ಮುಂದೆ ಸಹಿ ಹಾಕುವಾಗ ಅಥವಾ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಚಲನ್ ಕೈಗೆ ಬಂದಾಗ.

ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0 ಅಡಿಯಲ್ಲಿ ದೊರೆಯುವ ಬಡ್ಡಿ ಸಹಾಯಧನದ ಗರಿಷ್ಠ ಮೊತ್ತ 1.80 ಲಕ್ಷ ರೂ. ಇದು ಸಣ್ಣ ಮೊತ್ತವಲ್ಲ. ಆದರೆ 35 ಲಕ್ಷ ರೂ. ಬೆಲೆಯ ಹೊಸ ಫ್ಲ್ಯಾಟ್ ಒಂದರ ನೋಂದಣಿ ವೆಚ್ಚವೇ ಕರ್ನಾಟಕದಲ್ಲಿ ಈ ಮೊತ್ತವನ್ನು ಮೀರುತ್ತದೆ. ಅದು ತಪ್ಪಿಸಲಾಗದ ವೆಚ್ಚ. ಅದರ ಜೊತೆಗೆ ಕಡ್ಡಾಯವಲ್ಲದ ವೆಚ್ಚಗಳೂ ಕಡ್ಡಾಯದ ವೇಷದಲ್ಲಿ ಸೇರಿಕೊಂಡರೆ ಸಹಾಯಧನದ ಪ್ರಯೋಜನ ಕುಟುಂಬದ ಕೈಯಲ್ಲಿ ಉಳಿಯುವುದೇ ಇಲ್ಲ. ಆದ್ದರಿಂದ ಇಂತಹ ಸಾಲ ಪಡೆಯುವವರು ವೆಚ್ಚಗಳನ್ನು ಮೂರು ಬಗೆಯಾಗಿ ಬಿಡಿಸಿ ನೋಡುವುದು ಅಗತ್ಯ: ಕಾನೂನು ವಿಧಿಸುವವು, ಸಾಲ ನೀಡುವ ಸಂಸ್ಥೆ ಕೇಳುವವು ಮತ್ತು ಸಾಲಗಾರನ ಇಚ್ಛೆಗೆ ಬಿಟ್ಟವು.

ಸರ್ಕಾರದ ಬೆಂಬಲ ಎಂದರೇನು?

ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 9ರಂದು ಆವಾಸ್ ಯೋಜನೆಯ (ನಗರ) ಎರಡನೆಯ ಆವೃತ್ತಿಗೆ ಅನುಮೋದನೆ ನೀಡಿತು. ಐದು ವರ್ಷಗಳಲ್ಲಿ ಒಂದು ಕೋಟಿ ನಗರವಾಸಿ ಕುಟುಂಬಗಳಿಗೆ ನೆರವಾಗುವುದು ಇದರ ಗುರಿ. ಯೋಜನೆಯ ನಾಲ್ಕು ಅಂಗಗಳ ಪೈಕಿ ಗೃಹಸಾಲಕ್ಕೆ ಸಂಬಂಧಿಸಿದ್ದು ಬಡ್ಡಿ ಸಹಾಯಧನ ಯೋಜನೆ. 2024ರ ಸೆಪ್ಟೆಂಬರ್ 1ರಂದು ಅಥವಾ ಆನಂತರ ಮಂಜೂರಾಗಿ ಬಿಡುಗಡೆಯಾದ ಸಾಲಗಳಿಗೆ ಇದು ಅನ್ವಯಿಸುತ್ತದೆ.

ವಾರ್ಷಿಕ ಆದಾಯ 9 ಲಕ್ಷ ರೂ. ಮೀರದ ಕುಟುಂಬಗಳು ಅರ್ಜಿ ಸಲ್ಲಿಸಬಹುದು. 3 ಲಕ್ಷ ರೂ.ವರೆಗಿನವರು ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗಿನವರು ಕಡಿಮೆ ಆದಾಯ ವರ್ಗ, 9 ಲಕ್ಷದವರೆಗಿನವರು ಮಧ್ಯಮ ಆದಾಯ ವರ್ಗ ಎನಿಸಿಕೊಳ್ಳುತ್ತಾರೆ. ಮನೆಯ ಮೌಲ್ಯ 35 ಲಕ್ಷ ರೂ., ಸಾಲ 25 ಲಕ್ಷ ರೂ. ಮತ್ತು ಕಾರ್ಪೆಟ್ ವಿಸ್ತೀರ್ಣ 120 ಚದರ ಮೀಟರ್ ಮೀರುವಂತಿಲ್ಲ. ಪತಿ, ಪತ್ನಿ, ಅವಿವಾಹಿತ ಮಕ್ಕಳು ಸೇರಿದ ಕುಟುಂಬದ ಯಾರ ಹೆಸರಿನಲ್ಲೂ ದೇಶದ ಯಾವ ಭಾಗದಲ್ಲೂ ಪಕ್ಕಾ ಮನೆ ಇರಕೂಡದು. ಕಳೆದ 20 ವರ್ಷಗಳಲ್ಲಿ ಸರ್ಕಾರದ ಬೇರೆ ವಸತಿ ಯೋಜನೆಯ ಫಲ ಪಡೆದಿರಲೂಬಾರದು.

ಸಾಲ ಎಷ್ಟೇ ಇರಲಿ, ಸಹಾಯಧನ ಲೆಕ್ಕವಾಗುವುದು ಮೊದಲ 8 ಲಕ್ಷ ರೂ.ಗೆ ಮಾತ್ರ; ದರ ಶೇ. 4, ಅವಧಿ ಗರಿಷ್ಠ 12 ವರ್ಷ. ಈ ಹಣ ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. 1.80 ಲಕ್ಷವನ್ನು ಐದಾಗಿ ಸಮನಾಗಿ ಭಾಗಿಸಿದರೆ ವರ್ಷಕ್ಕೆ 36,000 ರೂ. ಆಗುತ್ತದೆ.

ಹಳೆಯ ಯೋಜನೆಯ ನೆನಪಿನಲ್ಲಿ 2.67 ಲಕ್ಷ ರೂ. ಒಮ್ಮೆಗೇ ಸಾಲಕ್ಕೆ ಜಮೆಯಾಗುತ್ತದೆ ಎಂದು ನಂಬಿರುವವರು ಇನ್ನೂ ಇದ್ದಾರೆ. 2015ರಲ್ಲಿ ಆರಂಭವಾದ ಆ ಸಾಲ ಸಂಯೋಜಿತ ಸಹಾಯಧನ ಯೋಜನೆ ಮಧ್ಯಮ ಆದಾಯ ವರ್ಗಕ್ಕೆ 2021ರ ಮಾರ್ಚ್ 31ರಂದು, ಉಳಿದ ಎರಡು ವರ್ಗಗಳಿಗೆ 2022ರ ಮಾರ್ಚ್ 31ರಂದು ಮುಗಿದಿದೆ. ಹಳೆಯ ಅಂಕಿಯನ್ನು ಮುಂದಿಟ್ಟು ಮನೆ ಮಾರುವವರ ಮಾತನ್ನು ನೆಚ್ಚಿ ಲೆಕ್ಕ ಹಾಕುವುದು ಸಲ್ಲದು.

ಸರ್ಕಾರದ ಬೆಂಬಲಕ್ಕೆ ಇನ್ನೊಂದು ಮುಖವೂ ಇದೆ. ಕಡಿಮೆ ಆದಾಯದವರ ಮೊದಲ ಮನೆಯ ಸಾಲಕ್ಕೆ ಭರವಸೆ ಒದಗಿಸುವ ಸಾಲ ಅಪಾಯ ಖಾತರಿ ನಿಧಿಯ ಮೂಲಧನವನ್ನು ಇದೇ ಸಂದರ್ಭದಲ್ಲಿ 1,000 ಕೋಟಿಯಿಂದ 3,000 ಕೋಟಿ ರೂ.ಗೆ ಏರಿಸಲಾಯಿತು. ಈ ಖಾತರಿ ರಕ್ಷಿಸುವುದು ಸಾಲ ಕೊಟ್ಟ ಸಂಸ್ಥೆಯನ್ನು. ಸಾಲಗಾರನ ಕಂತಿಗೂ ಮನೆಗೂ ಅದು ವಿಮೆಯಾಗುವುದಿಲ್ಲ. ಕಂತು ತಪ್ಪಿದರೆ ವಸೂಲಿಯ ಕ್ರಮ ಎಂದಿನಂತೆಯೇ ನಡೆಯುತ್ತದೆ.

ಕಾನೂನು ವಿಧಿಸುವ ವೆಚ್ಚ

ಇವುಗಳಲ್ಲಿ ದೊಡ್ಡದು ಮುದ್ರಾಂಕ ಮತ್ತು ನೋಂದಣಿ ಶುಲ್ಕ. ಕರ್ನಾಟಕದಲ್ಲಿ ಕ್ರಯಪತ್ರದ ಸಾಮಾನ್ಯ ಮುದ್ರಾಂಕ ಶುಲ್ಕ ಶೇ. 5. ಹೊಸದಾಗಿ ಕಟ್ಟಿದ ಫ್ಲ್ಯಾಟ್ ಮೊದಲ ಬಾರಿಗೆ ನೋಂದಣಿಯಾಗುವಾಗ ರಿಯಾಯಿತಿ ಉಂಟು: 20 ಲಕ್ಷ ರೂ.ವರೆಗೆ ಶೇ. 2, ಅದಕ್ಕೂ ಮೇಲೆ 45 ಲಕ್ಷದವರೆಗೆ ಶೇ. 3. ಮುದ್ರಾಂಕ ಶುಲ್ಕದ ಮೇಲೆ ಶೇ. 10ರಷ್ಟು ಉಪಕರ ಹಾಗೂ ನಗರ ಪ್ರದೇಶದಲ್ಲಿ ಶೇ. 2ರಷ್ಟು ಅಧಿಭಾರ ಸೇರುತ್ತದೆ. ನೋಂದಣಿ ಶುಲ್ಕ ಹಿಂದೆ ಶೇ. 1 ಇದ್ದುದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಹಳೆಯ ಪಟ್ಟಿ ನೋಡಿ ಹಣ ಹೊಂದಿಸಿಕೊಂಡವರಿಗೆ ಕೊನೆಯ ಗಳಿಗೆಯಲ್ಲಿ ಕೊರತೆ ಬೀಳುವುದು ಇಲ್ಲಿಯೇ.

ಮೈಸೂರು ಅಥವಾ ಹುಬ್ಬಳ್ಳಿಯಂತಹ ನಗರದಲ್ಲಿ 35 ಲಕ್ಷ ರೂ.ಗೆ ಹೊಸ ಫ್ಲ್ಯಾಟ್ ಕೊಳ್ಳುವ ಕುಟುಂಬದ ಲೆಕ್ಕ ಹೀಗಿರುತ್ತದೆ:

ಮುದ್ರಾಂಕ ಶುಲ್ಕ (ಶೇ. 3): 1,05,000 ರೂ.
ಉಪಕರ: 10,500 ರೂ.
ಅಧಿಭಾರ: 2,100 ರೂ.
ನೋಂದಣಿ ಶುಲ್ಕ (ಶೇ. 2): 70,000 ರೂ.
ಒಟ್ಟು: 1,87,600 ರೂ.

ಅದೇ ಬೆಲೆಯ ಹಳೆಯ ಫ್ಲ್ಯಾಟನ್ನೋ ಸ್ವತಂತ್ರ ಮನೆಯನ್ನೋ ಕೊಂಡರೆ ಶೇ. 5ರ ದರ ಅನ್ವಯಿಸಿ ಒಟ್ಟು 2,66,000 ರೂ. ಆಗುತ್ತದೆ. ಕ್ರಯದ ಮೊತ್ತ ಮತ್ತು ಸರ್ಕಾರದ ಮಾರ್ಗಸೂಚಿ ಮೌಲ್ಯ ಇವೆರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ ಲೆಕ್ಕವಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಈ ವೆಚ್ಚವನ್ನು ಸಾಲದಿಂದಲೇ ತೂಗಿಸಬಹುದೆಂಬ ನಿರೀಕ್ಷೆ ಬೇಡ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂ.ವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 90ನ್ನು ಮೀರುವಂತಿಲ್ಲ, ಆ ಮೌಲ್ಯದಲ್ಲಿ ಮುದ್ರಾಂಕ ಮತ್ತು ನೋಂದಣಿ ವೆಚ್ಚವನ್ನು ಸೇರಿಸುವಂತೆಯೂ ಇಲ್ಲ. 10 ಲಕ್ಷ ರೂ. ಮೀರದ ಮನೆಗಳಿಗೆ ಮಾತ್ರ ಇದರಿಂದ ವಿನಾಯಿತಿಯಿದೆ. ಮೇಲಿನ ಉದಾಹರಣೆಯಲ್ಲಿ ಸಾಲ 25 ಲಕ್ಷವಾದರೆ ಉಳಿದ 10 ಲಕ್ಷ ಮತ್ತು ನೋಂದಣಿಯ 1.87 ಲಕ್ಷ, ಎರಡೂ ಕುಟುಂಬದ ಉಳಿತಾಯದಿಂದಲೇ ಬರಬೇಕು. ಸಹಾಯಧನ ಕಂತುಕಂತಾಗಿ ಸಾಲದ ಖಾತೆಗೆ ಬರುವುದರಿಂದ ನೋಂದಣಿಯ ದಿನದ ಕೊರತೆಯನ್ನು ಅದು ನೀಗಿಸದು.

ಇನ್ನೊಂದು ವೆಚ್ಚ ಸರಕು ಮತ್ತು ಸೇವಾ ತೆರಿಗೆ. ಇದು ನಿರ್ಮಾಣ ಹಂತದ ಮನೆಗೆ ಮಾತ್ರ. 2019ರ ಏಪ್ರಿಲ್ 1ರಿಂದ ಕೈಗೆಟಕುವ ದರದ ಮನೆಗಳಿಗೆ ಶೇ. 1, ಉಳಿದವಕ್ಕೆ ಶೇ. 5ರ ದರವಿದೆ. ಶೇ. 1ರ ದರ ಸಿಗಬೇಕಾದರೆ ಮನೆಯ ಬೆಲೆ 45 ಲಕ್ಷ ರೂ. ಮೀರಬಾರದು, ಕಾರ್ಪೆಟ್ ವಿಸ್ತೀರ್ಣ ಬೆಂಗಳೂರಿನಲ್ಲಿ 60 ಚದರ ಮೀಟರ್, ರಾಜ್ಯದ ಇತರ ನಗರಗಳಲ್ಲಿ 90 ಚದರ ಮೀಟರ್ ಒಳಗಿರಬೇಕು. ನಿರ್ಮಾಣ ಪೂರ್ಣಗೊಂಡ ಪ್ರಮಾಣಪತ್ರ ದೊರೆತ ಬಳಿಕ ಮಾರಾಟವಾಗುವ ಮನೆಗೆ ಈ ತೆರಿಗೆ ಇಲ್ಲ. ಆವಾಸ್ ಯೋಜನೆಯ ಮಿತಿ 120 ಚದರ ಮೀಟರ್ ಆಗಿರುವುದರಿಂದ, ಸಹಾಯಧನಕ್ಕೆ ಅರ್ಹವಾದ ಮನೆಯೆಲ್ಲವೂ ಶೇ. 1ರ ತೆರಿಗೆಗೆ ಅರ್ಹವೆಂದು ತಿಳಿಯಬಾರದು.

ಬ್ಯಾಂಕು ಕೇಳುವ ವೆಚ್ಚ

ಸಾಲ ನೀಡುವ ಸಂಸ್ಥೆ ವಿಧಿಸುವ ಶುಲ್ಕಗಳು ಸಾಲಗಾರನ ಪಾಲಿಗೆ ಅನಿವಾರ್ಯವಾದರೂ ಅವುಗಳ ಮೊತ್ತ ಎಲ್ಲೆಡೆ ಒಂದೇ ಅಲ್ಲ. ಪ್ರೊಸೆಸಿಂಗ್ ಶುಲ್ಕವನ್ನು ಕೆಲವು ಸಂಸ್ಥೆಗಳು ಸಾಲದ ಶೇಕಡಾವಾರು ಲೆಕ್ಕದಲ್ಲಿ, ಕೆಲವು ನಿಗದಿತ ಮೊತ್ತವಾಗಿ ಪಡೆಯುತ್ತವೆ. ಹಬ್ಬದ ದಿನಗಳಲ್ಲಿ ಮನ್ನಾ ಮಾಡುವುದೂ ಉಂಟು. 25 ಲಕ್ಷದ ಸಾಲಕ್ಕೆ ಶೇ. 0.5ರ ದರವಾದರೆ 12,500 ರೂ., ಅದರ ಮೇಲೆ ಶೇ. 18ರ ತೆರಿಗೆ ಸೇರಿ 14,750 ರೂ. ಆಗುತ್ತದೆ. ಸಾಲ ಮಂಜೂರಾಗದಿದ್ದರೆ ಈ ಹಣ ಮರಳುವುದೇ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳುವುದು ಒಳಿತು.

ಹಕ್ಕುಪತ್ರಗಳ ಕಾನೂನು ಪರಿಶೀಲನೆ ಮತ್ತು ಕಟ್ಟಡದ ಮೌಲ್ಯಮಾಪನಕ್ಕೆ ಪ್ರತ್ಯೇಕ ಶುಲ್ಕವಿರಬಹುದು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿದ್ದಕ್ಕೆ ಮಾಡಿಕೊಳ್ಳುವ ಹಕ್ಕುಪತ್ರ ಠೇವಣಿ ಒಪ್ಪಂದಕ್ಕೂ ಮುದ್ರಾಂಕ ಶುಲ್ಕ ಬೀಳುತ್ತದೆ. ಅಡಮಾನವನ್ನು ಕೇಂದ್ರೀಯ ದಾಖಲಾತಿಯಾದ ಸೆರ್ಸಾಯ್‌ನಲ್ಲಿ ನಮೂದಿಸುವ ಶುಲ್ಕ 5 ಲಕ್ಷ ರೂ. ಮೀರಿದ ಸಾಲಕ್ಕೆ ತೆರಿಗೆ ಬಿಟ್ಟು 100 ರೂ. ಮಾತ್ರ. ಈ ಹೆಸರಿನಲ್ಲಿ ಸಾವಿರಗಟ್ಟಲೆ ಹಣ ಬರೆದಿದ್ದರೆ ವಿವರಣೆ ಕೇಳಲು ಸಾಲಗಾರನಿಗೆ ಪೂರ್ಣ ಕಾರಣವಿದೆ.

ನಿರ್ಮಾಣ ಹಂತದ ಮನೆಯಾದರೆ ಸಾಲ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಹಣಕ್ಕೆ ಬಡ್ಡಿ ಕಟ್ಟುತ್ತಲೇ ಈಗಿರುವ ಮನೆಯ ಬಾಡಿಗೆಯನ್ನೂ ಕೊಡಬೇಕಾಗುತ್ತದೆ. ಸಾಲ ಮಂಜೂರಾದ ದಿನದಿಂದಲೋ ಒಪ್ಪಂದದ ದಿನದಿಂದಲೋ ಬಡ್ಡಿ ಹಾಕುವ ಪದ್ಧತಿ ಸಲ್ಲದೆಂದು, ಹಣ ನಿಜವಾಗಿ ಕೈಸೇರಿದ ದಿನದಿಂದಲೇ ಬಡ್ಡಿ ಲೆಕ್ಕವಾಗಬೇಕೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸೂಚಿಸಿದೆ.

ಇಚ್ಛೆಗೆ ಬಿಟ್ಟ ವೆಚ್ಚ: ವಿಮೆಯ ಲೆಕ್ಕ

ಗೃಹಸಾಲದ ಕಡತದಲ್ಲಿ ಹೆಚ್ಚು ಗೊಂದಲಕ್ಕೆ ಎಡೆಮಾಡುವುದು ವಿಮೆ. ಇಲ್ಲಿ ಎರಡು ಬೇರೆ ಬೇರೆ ವಿಮೆಗಳಿವೆ. ಬೆಂಕಿ, ಪ್ರವಾಹ ಮುಂತಾದವುಗಳಿಂದ ಕಟ್ಟಡಕ್ಕೆ ರಕ್ಷಣೆ ನೀಡುವ ವಿಮೆ ಒಂದು. ಅಡಮಾನವಾದ ಆಸ್ತಿ ವಿಮೆಯಲ್ಲಿರಬೇಕೆಂದು ಅನೇಕ ಸಾಲ ಒಪ್ಪಂದಗಳೇ ಹೇಳುತ್ತವೆ. ಸಾಲಗಾರ ತೀರಿಕೊಂಡರೆ ಸಾಲದ ಬಾಕಿಯನ್ನು ಭರಿಸುವ ಜೀವ ವಿಮೆ ಇನ್ನೊಂದು. ಈ ಎರಡನೆಯದನ್ನು ಕಡ್ಡಾಯಗೊಳಿಸುವ ಕಾನೂನಾಗಲಿ, ರಿಸರ್ವ್ ಬ್ಯಾಂಕಿನ ನಿಯಮವಾಗಲಿ, ಆವಾಸ್ ಯೋಜನೆಯ ಷರತ್ತಾಗಲಿ ಇಲ್ಲ. ಯಾವುದೇ ಬಗೆಯ ವಿಮೆಯನ್ನು ನಿರ್ದಿಷ್ಟ ಕಂಪನಿಯಿಂದಲೇ ಕೊಳ್ಳಬೇಕೆಂದು ಗ್ರಾಹಕರನ್ನು ಒತ್ತಾಯಿಸಲು ಬ್ಯಾಂಕುಗಳಿಗೆ ಅಧಿಕಾರವಿಲ್ಲ.

ಆದರೂ ಒಂದೇ ಬಾರಿಗೆ ಪ್ರೀಮಿಯಂ ಕಟ್ಟುವ ಪಾಲಿಸಿಯನ್ನು ಸಾಲದೊಂದಿಗೆ ಸೇರಿಸಿ, ಪ್ರೀಮಿಯಂ ಹಣವನ್ನೂ ಸಾಲದ ಮೊತ್ತಕ್ಕೆ ಕೂಡಿಸುವುದು ರೂಢಿಯಾಗಿದೆ. ಆ ಕ್ಷಣದಲ್ಲಿ ಜೇಬಿನಿಂದ ಏನೂ ಹೋಗದ ಕಾರಣ ಬಹಳ ಮಂದಿ ಇದನ್ನು ಗಮನಿಸುವುದಿಲ್ಲ. 1 ಲಕ್ಷ ರೂ. ಪ್ರೀಮಿಯಂ ಹೀಗೆ ಸಾಲಕ್ಕೆ ಸೇರಿತೆಂದು ಭಾವಿಸೋಣ. ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದಿಟ್ಟುಕೊಂಡರೆ ಮಾಸಿಕ ಕಂತು ಸುಮಾರು 868 ರೂ.ನಷ್ಟು ಏರುತ್ತದೆ. 240 ಕಂತುಗಳು ಮುಗಿಯುವಾಗ ಆ ಒಂದು ಲಕ್ಷಕ್ಕೆ ಕಟ್ಟಿದ ಹಣ ಸುಮಾರು 2.08 ಲಕ್ಷ ರೂ. ಸರ್ಕಾರ ಐದು ವರ್ಷಗಳಲ್ಲಿ ಕೊಡುವ ಗರಿಷ್ಠ ಸಹಾಯಧನ 1.80 ಲಕ್ಷ. ಇಪ್ಪತ್ತು ವರ್ಷಗಳಲ್ಲಿ ಹರಡಿ ಕಟ್ಟುವ ಹಣದ ಬೆಲೆ ಇಂದಿನ ಹಣಕ್ಕಿಂತ ಕಡಿಮೆಯೆಂಬುದು ನಿಜ. ಆದರೂ ಒಂದು ಸಹಿಯ ಭಾರ ಎಷ್ಟೆಂಬುದನ್ನು ಈ ಹೋಲಿಕೆ ತಿಳಿಸುತ್ತದೆ.

ಹಾಗೆಂದು ಜೀವ ವಿಮೆಯೇ ಬೇಡವೆಂದು ಇದರ ಅರ್ಥವಲ್ಲ. ದುಡಿಯುವವರು ಒಬ್ಬರೇ ಇರುವ ಮನೆಯಲ್ಲಿ 25 ಲಕ್ಷದ ಸಾಲ ವಿಮೆಯಿಲ್ಲದೆ ಉಳಿಯುವುದು ಅಪಾಯವೇ. ಪ್ರಶ್ನೆ ಇರುವುದು ಯಾವ ವಿಮೆ, ಯಾರಿಂದ, ಎಷ್ಟು ಬೆಲೆಗೆ ಎಂಬಲ್ಲಿ. ಸಾಲಗಾರ ತಾನೇ ಆರಿಸಿಕೊಂಡ ಟರ್ಮ್ ವಿಮೆಗೆ ವರ್ಷವರ್ಷವೂ ಪ್ರೀಮಿಯಂ ಕಟ್ಟಬಹುದು. ಸಾಲ ಬೇರೆ ಬ್ಯಾಂಕಿಗೆ ವರ್ಗವಾದರೂ ಅದು ಮುಂದುವರಿಯುತ್ತದೆ. ಸಾಲದ ಬಾಕಿ ಇಳಿದಂತೆ ರಕ್ಷಣೆಯ ಮೊತ್ತ ಇಳಿಯಬೇಕೆಂದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮಾ ಪಾಲಿಸಿಗಳಿಗೆ ಸರಕು ಮತ್ತು ಸೇವಾ ತೆರಿಗೆಯೂ ಇಲ್ಲ. ಬ್ಯಾಂಕಿನ ಮೂಲಕ ಬರುವ ಸಮೂಹ ವಿಮೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಈಗಾಗಲೇ ವಿಮೆ ಕೊಂಡವರು ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಮರಳಿಸಲು ಅವಕಾಶವಿದೆಯೇ ಎಂದು ಪಾಲಿಸಿ ಪತ್ರದಲ್ಲಿ ನೋಡಿಕೊಳ್ಳಬೇಕು.

ಐಚ್ಛಿಕವಾದರೂ ಅಗತ್ಯವಾದವು

ಕಡ್ಡಾಯವಲ್ಲದ ವೆಚ್ಚವೆಲ್ಲ ದಂಡವೆಂದು ಎಣಿಸುವುದೂ ತಪ್ಪು. ಬ್ಯಾಂಕಿನ ವಕೀಲರು ಪತ್ರಗಳನ್ನು ನೋಡುವುದು ಬ್ಯಾಂಕಿನ ಹಿತಕ್ಕಾಗಿ. ತನ್ನ ಸಾಲ ವಸೂಲಾಗುವಷ್ಟು ಆಸ್ತಿ ಸುಭದ್ರವೇ ಎಂಬುದಷ್ಟೇ ಅದರ ಕಾಳಜಿ. ಕೊಳ್ಳುವವರು ತಮ್ಮದೇ ವಕೀಲರಿಂದ ಮೂಲಪತ್ರ, ಋಣಭಾರ ಪ್ರಮಾಣಪತ್ರ, ಇ-ಖಾತಾ, ನಕ್ಷೆ ಅನುಮೋದನೆಗಳನ್ನು ಪರಿಶೀಲಿಸಿಕೊಳ್ಳುವುದಕ್ಕೆ ತಗಲುವ ಹಣ ಮನೆಯ ಬೆಲೆಯ ಮುಂದೆ ಅಲ್ಪ. ಹಳೆಯ ಮನೆಯಾದರೆ ನಂಬಿಕಸ್ಥ ಎಂಜಿನಿಯರ್ ಒಬ್ಬರಿಂದ ಕಟ್ಟಡವನ್ನು ನೋಡಿಸುವುದೂ ಇದೇ ಸಾಲಿಗೆ ಸೇರುತ್ತದೆ. ಬ್ಯಾಂಕಿನ ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ; ತೇವ ಇಳಿದ ಗೋಡೆಯ ಚಿಂತೆ ಅವರದಲ್ಲ.

ನಿಜಕ್ಕೂ ಬಿಡಬಹುದಾದ ವೆಚ್ಚಗಳು ಬೇರೆ ಇವೆ. ಸಹಾಯಧನ ಕೊಡಿಸುತ್ತೇವೆಂದು ಮಧ್ಯವರ್ತಿಗಳು ಕೇಳುವ ಕಮಿಷನ್ ಅವುಗಳಲ್ಲಿ ಮೊದಲನೆಯದು. ಆವಾಸ್ ಯೋಜನೆಯ ಏಕೀಕೃತ ಜಾಲತಾಣದಲ್ಲಿ ಆಧಾರ್ ಸಂಖ್ಯೆಯೊಂದಿಗೆ ಕುಟುಂಬವೇ ಅರ್ಜಿ ಸಲ್ಲಿಸಬಹುದು. ಸಾಲ ನೀಡುವ ಸಂಸ್ಥೆಯಲ್ಲೂ ಮಾಹಿತಿ ದೊರೆಯುತ್ತದೆ. ಸಾಲದೊಂದಿಗೆ ಜೋಡಿಸಿ ಕೊಡುವ ಕ್ರೆಡಿಟ್ ಕಾರ್ಡ್, ಒಳಾಂಗಣ ಅಲಂಕಾರಕ್ಕೆಂದು ನೀಡುವ ಹೆಚ್ಚುವರಿ ಸಾಲ, ಆರೋಗ್ಯ ವಿಮೆ ಇವೆಲ್ಲ ಪ್ರತ್ಯೇಕ ವ್ಯವಹಾರಗಳು. ಅವನ್ನು ನಿರಾಕರಿಸಿದ ಮಾತ್ರಕ್ಕೆ ಸಹಾಯಧನದ ಅರ್ಹತೆ ಹೋಗುವುದಿಲ್ಲ. ಬಿಲ್ಡರ್ ಕೇಳುವ ಕ್ಲಬ್ ಸದಸ್ಯತ್ವ, ವಾಹನ ನಿಲುಗಡೆ ಮುಂತಾದ ಶುಲ್ಕಗಳನ್ನು ಮಾರಾಟ ಒಪ್ಪಂದದೊಂದಿಗೆ ಹೋಲಿಸಿ ನೋಡಬೇಕು. ರೇರಾ ಕಾಯ್ದೆಯ ಪ್ರಕಾರ ತೆರೆದ ನಿಲುಗಡೆ ಜಾಗ ಎಲ್ಲ ನಿವಾಸಿಗಳಿಗೂ ಸೇರಿದ ಸಾಮಾನ್ಯ ಪ್ರದೇಶ. ನೋಂದಾಯಿತ ಒಪ್ಪಂದಕ್ಕೆ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದಕ್ಕೂ ಅದೇ ಕಾಯ್ದೆ ಅವಕಾಶ ನೀಡಿಲ್ಲ.

ಅವಧಿಗೆ ಮುನ್ನ ತೀರಿಸುವವರು ಗಮನಿಸಬೇಕಾದುದು

ಚರ ಬಡ್ಡಿಯ ವೈಯಕ್ತಿಕ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲ. ಕೈಯಲ್ಲಿ ಹಣವಿದ್ದರೆ ಅಸಲು ಇಳಿಸುವುದು ಸಾಮಾನ್ಯವಾಗಿ ಜಾಣತನವೇ. ಆದರೆ ಸಹಾಯಧನದ ಸಾಲದಲ್ಲಿ ಒಂದು ಕಟ್ಟುಪಾಡಿದೆ. ಪ್ರತಿ ಕಂತು ಬಿಡುಗಡೆಯಾಗುವ ಹೊತ್ತಿಗೆ ಸಾಲದ ಖಾತೆ ಸಕ್ರಿಯವಾಗಿರಬೇಕು ಮತ್ತು ಅಸಲಿನ ಶೇ. 50ಕ್ಕಿಂತ ಹೆಚ್ಚು ಬಾಕಿ ಇರಬೇಕು.

ಇದರ ಪರಿಣಾಮ ಹೀಗೆ: 25 ಲಕ್ಷ ಸಾಲ ಪಡೆದವರು ಮೂರನೆಯ ವರ್ಷದಲ್ಲಿ ಊರಿನ ನಿವೇಶನ ಮಾರಿ 13 ಲಕ್ಷ ರೂ. ಒಮ್ಮೆಗೇ ಕಟ್ಟಿದರೆ ಬಾಕಿ ಅರ್ಧಕ್ಕಿಂತ ಕೆಳಗಿಳಿದು, ಮುಂದಿನ ಸಹಾಯಧನದ ಕಂತುಗಳು ಕೈತಪ್ಪುತ್ತವೆ. ಉಳಿಯುವ ಬಡ್ಡಿ ಎಷ್ಟು, ತಪ್ಪುವ ಸಹಾಯಧನ ಎಷ್ಟು ಎಂದು ತೂಗಿ ನೋಡಿದ ಬಳಿಕವೇ ಅಂತಹ ನಿರ್ಧಾರಕ್ಕೆ ಬರುವುದು ಲೇಸು. ಕಂತುಗಳನ್ನು ತಡೆದು ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರಿದರೂ ನಷ್ಟ ಇದೇ.

ಸಾಲ ಪೂರ್ತಿ ತೀರಿದ ಮೇಲೆ ಮೂಲಪತ್ರಗಳನ್ನು 30 ದಿನಗಳೊಳಗೆ ಮರಳಿಸುವುದು ಸಂಸ್ಥೆಯ ಹೊಣೆ. ಅದರಿಂದಾದ ವಿಳಂಬಕ್ಕೆ ದಿನಕ್ಕೆ 5,000 ರೂ.ನಂತೆ ಸಾಲಗಾರನಿಗೆ ಪರಿಹಾರ ಸಲ್ಲಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಸಹಿಗೆ ಮುನ್ನ ಕೇಳಬೇಕಾದ ಒಂದು ಪತ್ರ

ಇಷ್ಟೆಲ್ಲ ವೆಚ್ಚಗಳನ್ನು ಒಂದೇ ಕಡೆ ನೋಡಲು ಈಗ ಒಂದು ಸಾಧನವಿದೆ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲ ನೀಡುವ ಬ್ಯಾಂಕು ಮತ್ತು ಗೃಹ ಹಣಕಾಸು ಕಂಪನಿಗಳು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಒಪ್ಪಂದಕ್ಕೆ ಮೊದಲೇ ಕೊಡಬೇಕು. ಬಡ್ಡಿಯ ಜೊತೆಗೆ ಪ್ರೊಸೆಸಿಂಗ್ ಶುಲ್ಕ, ಕಾನೂನು ಪರಿಶೀಲನೆ, ವಿಮೆ ಮುಂತಾಗಿ ಸಂಸ್ಥೆ ವಸೂಲು ಮಾಡುವ ಎಲ್ಲ ವೆಚ್ಚಗಳನ್ನೂ ಕೂಡಿಸಿದ ವಾರ್ಷಿಕ ಶೇಕಡಾ ದರ ಅದರಲ್ಲಿರಬೇಕು. ಜಾಹೀರಾತಿನ ಬಡ್ಡಿ ದರಕ್ಕಿಂತ ಈ ದರ ಎಷ್ಟು ಹೆಚ್ಚಿದೆ ಎಂಬುದೇ ಗುಪ್ತ ವೆಚ್ಚದ ಅಳತೆಗೋಲು.

ಈ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದೂ ನಿಯಮ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಆದ್ದರಿಂದ ಹಕ್ಕಿನ ಮಾತು. ಓದಿ ತೀರ್ಮಾನಿಸಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವಿದೆ. ಇಂದೇ ಸಹಿ ಮಾಡದಿದ್ದರೆ ಅವಕಾಶ ತಪ್ಪುತ್ತದೆ ಎಂಬ ಅವಸರಕ್ಕೆ ಮಣಿಯಬೇಕಾಗಿಲ್ಲ. ಪತ್ರದಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆನಂತರ ವಿಧಿಸುವಂತಿಲ್ಲ.

ಪತ್ರ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ:

* ಪ್ರತಿ ಶುಲ್ಕ ಕಾನೂನಿನದೇ, ಸಂಸ್ಥೆಯದೇ ಅಥವಾ ಐಚ್ಛಿಕವೇ?
* ವಿಮೆಯ ಪ್ರೀಮಿಯಂ ಸಾಲದ ಮೊತ್ತಕ್ಕೆ ಸೇರಿದೆಯೇ? ಅದನ್ನು ಬಿಟ್ಟರೆ ಮಾಸಿಕ ಕಂತು ಎಷ್ಟು?
* ವಿಮೆ ಕೊಂಡರೆ ಮಾತ್ರ ಕಡಿಮೆ ಬಡ್ಡಿ ಎನ್ನುವುದಾದರೆ, ಎರಡೂ ಬಗೆಯ ಒಟ್ಟು ವೆಚ್ಚ ಎಷ್ಟು?
* ಸಹಾಯಧನದ ಅರ್ಜಿ ಸಲ್ಲಿಕೆಯಾಗಿದೆಯೇ? ಅದರ ಸಂಖ್ಯೆ ಏನು?
* ಸಹಾಯಧನ ಬಂದಾಗ ಕಂತು ಇಳಿಯುವುದೇ, ಅವಧಿ ಇಳಿಯುವುದೇ?

ಉತ್ತರಗಳು ಬಾಯಿಮಾತಿನಲ್ಲಿ ಉಳಿಯದೆ ಬರಹದಲ್ಲಿರುವುದು ಮುಖ್ಯ. ಒಪ್ಪಿಗೆಯಿಲ್ಲದೆ ವಿಮೆಯನ್ನೋ ಶುಲ್ಕವನ್ನೋ ಹೇರಿದ್ದರೆ ಮೊದಲು ಸಂಸ್ಥೆಯ ದೂರು ವಿಭಾಗಕ್ಕೆ ಲಿಖಿತವಾಗಿ ತಿಳಿಸಬೇಕು. 30 ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ ಬ್ಯಾಂಕಿನ ವಿರುದ್ಧ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಗೃಹ ಹಣಕಾಸು ಕಂಪನಿಯ ವಿರುದ್ಧ ರಾಷ್ಟ್ರೀಯ ವಸತಿ ಬ್ಯಾಂಕಿಗೆ ದೂರು ಸಲ್ಲಿಸಬಹುದು. ಒಂಬುಡ್ಸ್‌ಮನ್‌ಗೆ ದೂರು ನೀಡಲು ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.